ಕಾರ್ಡ್ ಕೈಗೆ ಬರುವ ತನಕ ಮಗು ಕಾಯಬೇಕೆ?

ಆರು ವರ್ಷದೊಳಗಿನ ವಿಕಲಚೇತನ ಮಕ್ಕಳಿಗೆ ಸರ್ಕಾರದಿಂದ ಯಾವ ನೆರವು ಸಿಗುತ್ತದೆ, ಅದನ್ನು ಯಾರ ಬಳಿ ಕೇಳಬೇಕು ಎಂದು ವಿಚಾರಿಸಿ ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಮಕ್ಕಳ ಖಾಸಗಿತನ ಮುಖ್ಯವಾದ್ದರಿಂದ ಹೆಸರು ಮತ್ತು ಹಳ್ಳಿಯ ವಿವರಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ ತುಂಬಿ ಎರಡು ತಿಂಗಳಾಯಿತು. ಹುಟ್ಟಿದಾಗ ತಡವಾಗಿ ಅತ್ತಳು, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಇಂದಿಗೂ ಆಸರೆಯಿಲ್ಲದೆ ಕೂರುವುದಿಲ್ಲ. ಎತ್ತಿ ನಿಲ್ಲಿಸಿದರೆ ಕಾಲುಗಳೆರಡೂ ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ. ಮನೆಯ ಹಿರಿಯರು ‘ಕೆಲವು ಕೂಸು ತಡಾ ಮಾಡಿ ನಡೀತಾವ, ಅವಸರ ಮಾಡಬ್ಯಾಡ’ ಎನ್ನುತ್ತಾರೆ. ವಿಚಾರಿಸಲು ಹೋದ ಕಡೆ ‘ಮೊದಲು ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿಕೊಂಡು ಬನ್ನಿ, ಥೆರಪಿ ಆಮೇಲೆ’ ಎಂದು ಕಳಿಸಿದರು. ಅರ್ಜಿ ಹಾಕಿ ಕಾಯುತ್ತಿದ್ದೇನೆ. ಕಾರ್ಡ್ ಇಲ್ಲದೆ ಚಿಕಿತ್ಸೆ ಕೇಳುವ ಹಕ್ಕು ನನಗಿದೆಯೆ?
— ಒಬ್ಬ ತಾಯಿ, ಸಿಂಧನೂರು ತಾಲ್ಲೂಕು

ಉತ್ತರ: ಇದೆ. ದಯವಿಟ್ಟು ಕಾರ್ಡ್‌ಗಾಗಿ ಇನ್ನೊಂದು ದಿನವೂ ಕಾಯಬೇಡಿ. ಯುಡಿಐಡಿ ಕಾರ್ಡ್ ಬೇಕಾಗುವುದು ಪಿಂಚಣಿ, ಬಸ್ ಪಾಸ್, ವಿದ್ಯಾರ್ಥಿವೇತನದಂತಹ ಸೌಲಭ್ಯಗಳಿಗೆ. ಮಗುವಿನ ತಪಾಸಣೆ, ರೋಗನಿರ್ಣಯ, ಫಿಸಿಯೋಥೆರಪಿ ಇವೆಲ್ಲ ಆರೋಗ್ಯ ಸೇವೆಗಳು, ಅವುಗಳಿಗೆ ವಿಕಲತೆಯ ಪ್ರಮಾಣಪತ್ರದ ಶರತ್ತಿಲ್ಲ. ‘ಕಾರ್ಡ್ ಮೊದಲು’ ಎಂಬ ಮಾತು ನಿಯಮದಲ್ಲಿ ಎಲ್ಲಿಯೂ ಇಲ್ಲದಿದ್ದರೂ ಕಚೇರಿಯಿಂದ ಕಚೇರಿಗೆ ಬಾಯಿಮಾತಿನಲ್ಲೇ ಹರಡಿ ಈಗ ನಿಯಮದಷ್ಟೇ ಗಟ್ಟಿಯಾಗಿ ನಿಂತಿದೆ. ನಮಗೆ ಬಂದ ಪತ್ರಗಳಲ್ಲಿ ಪದೇ ಪದೇ ಕಾಣುವ ದೂರೂ ಇದೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಹುಟ್ಟಿನಿಂದ ಬಂದ ದೋಷಗಳು, ಪೌಷ್ಟಿಕಾಂಶದ ಕೊರತೆ, ಬಾಲ್ಯದ ಕಾಯಿಲೆಗಳು, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಗುಂಪುಗಳಲ್ಲಿ ಅದು ಮಕ್ಕಳನ್ನು ಪರೀಕ್ಷಿಸುತ್ತದೆ. ಆಯುಷ್ ವೈದ್ಯರು, ಶುಶ್ರೂಷಕಿ ಮತ್ತು ಔಷಧ ವಿತರಕರಿರುವ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಬರಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಆಸ್ಪತ್ರೆಗಳಲ್ಲಿ ಎಲ್ಲರೂ ಡಿಇಐಸಿ ಎನ್ನುವ ಘಟಕಕ್ಕೆ ಕಳಿಸಬೇಕು. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಶ್ರವಣ ಮತ್ತು ವಾಕ್ ತಜ್ಞರು, ಮನಃಶಾಸ್ತ್ರಜ್ಞರು ಒಂದೇ ಸೂರಿನಡಿ ಇರಲಿ ಎಂಬುದೇ ಆ ಘಟಕದ ಉದ್ದೇಶ. ಎಲ್ಲ ಹುದ್ದೆಗಳೂ ಎಲ್ಲ ಕಾಲದಲ್ಲೂ ಭರ್ತಿಯಾಗಿರುತ್ತವೆ ಎಂದು ಭರವಸೆ ಕೊಡಲಾರೆವು. ಆದರೂ ಮಗುವಿನ ಹೆಸರು ದಾಖಲಾಗಬೇಕಾದ ಮೊದಲ ಜಾಗ ಅದೇ.

ಸಂಚಾರಿ ತಂಡದ ಮುಂದಿನ ಭೇಟಿಗೆ ಕಾಯುವ ಅಗತ್ಯವೂ ಇಲ್ಲ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೋ ತಾಲ್ಲೂಕು ಆಸ್ಪತ್ರೆಯಿಂದಲೋ ರೆಫರಲ್ ಚೀಟಿ ಬರೆಸಿಕೊಂಡು ರಾಯಚೂರಿಗೆ ಹೋಗಿ. ಹೋಗುವಾಗ ತಾಯಿ ಕಾರ್ಡ್ ಮತ್ತು ಹೆರಿಗೆಯ ನಂತರದ ಡಿಸ್ಚಾರ್ಜ್ ಸಾರಾಂಶ ಕೈಯಲ್ಲಿರಲಿ. ಹುಟ್ಟಿದಾಗ ಅಳು ತಡವಾಯಿತು ಎಂಬ ಒಂದು ಸಾಲು ವೈದ್ಯರಿಗೆ ಬಹಳಷ್ಟನ್ನು ತಿಳಿಸುತ್ತದೆ. ಚೀಟಿಯಲ್ಲಿ ದಿನಾಂಕ ಮತ್ತು ಸಹಿ ಇರುವಂತೆ ನೋಡಿಕೊಳ್ಳಿ, ಮೊಬೈಲಿನಲ್ಲಿ ಅದರದ್ದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ಹಣ ಬೇಕಿಲ್ಲ. ಚಿಕಿತ್ಸೆಗಾಗಿ ಮೇಲಿಂದ ಮೇಲೆ ಓಡಾಡುವ ತಾಯಂದಿರಿಗೆ ಇದು ಸಣ್ಣ ಅನುಕೂಲವಲ್ಲ.

ಹಿರಿಯರ ಮಾತಿನ ಬಗ್ಗೆ ಒಂದಿಷ್ಟು ಹೇಳಬೇಕು. ತಡವಾಗಿ ನಡೆಯುವ ಮಕ್ಕಳು ಇರುತ್ತಾರೆ, ಸುಳ್ಳಲ್ಲ. ಆದರೆ ಒಂಬತ್ತು ತಿಂಗಳು ಕಳೆದರೂ ಆಸರೆಯಿಲ್ಲದೆ ಕೂರದ, ಹದಿನೆಂಟು ತಿಂಗಳಾದರೂ ಹೆಜ್ಜೆ ಇಡದ ಮಗುವನ್ನು ಪರೀಕ್ಷಿಸಲೇಬೇಕು. ನಿಮ್ಮ ಮಗಳು ಎರಡೂ ಗಡಿಗಳನ್ನು ದಾಟಿದ್ದಾಳೆ. ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಕೆಲವು ವರ್ಷಗಳಲ್ಲಿ. ಬಿಗಿಯಾದ ಸ್ನಾಯುಗಳನ್ನು ಹಾಗೆಯೇ ಬಿಟ್ಟರೆ ಕೀಲುಗಳು ಸೆಟೆದುಕೊಂಡು, ಈಗ ವ್ಯಾಯಾಮದಿಂದ ಹತೋಟಿಗೆ ಬರುವುದು ಮುಂದೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಅಲ್ಲದೆ ಥೆರಪಿಯ ಬಹುಪಾಲು ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಕಾಲು ಕತ್ತರಿಯಾಗುವ ಮಗುವನ್ನು ಎರಡೂ ಕಾಲು ಜೋಡಿಸಿ ತೋಳಿನ ಮೇಲೆ ಮಲಗಿಸಿಕೊಳ್ಳುವ ಬದಲು, ತಾಯಿಯ ಸೊಂಟದ ಆಚೆಗೊಂದು ಈಚೆಗೊಂದು ಕಾಲು ಬರುವಂತೆ ಕಂಕುಳಲ್ಲಿ ಎತ್ತಿಕೊಂಡರೆ ತೊಡೆಗಳು ಅಗಲವಾಗಿ ನಿಲ್ಲುತ್ತವೆ. ಕೆಲಸ ಮಾಡುತ್ತಲೇ ದಿನಕ್ಕೆ ಹತ್ತಾರು ಬಾರಿ ಆ ವ್ಯಾಯಾಮ ಆಗುತ್ತದೆ. ನಿಮ್ಮ ಮಗಳಿಗೆ ಇದು ಹೊಂದುತ್ತದೆಯೇ, ಇನ್ನೇನು ಬೇಕು ಎಂಬುದನ್ನು ಥೆರಪಿಸ್ಟ್ ನೋಡಿ ಹೇಳಬೇಕು. ಮೊದಲ ಭೇಟಿಯಲ್ಲೇ ‘ಮನೆಯಲ್ಲಿ ನಾನು ಏನು ಮಾಡಬೇಕು, ಒಮ್ಮೆ ನನ್ನ ಕೈಯಿಂದಲೇ ಮಾಡಿಸಿ ತೋರಿಸಿ’ ಎಂದು ಕೇಳಿ.

ಅರ್ಜಿಯನ್ನು ಕೈಬಿಡಬೇಡಿ, ಅದು ತನ್ನ ಪಾಡಿಗೆ ನಡೆಯಲಿ. ಯುಡಿಐಡಿ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿಯ ನೋಂದಣಿ ಸಂಖ್ಯೆಯನ್ನು ತಾಯಿ ಕಾರ್ಡ್‌ನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಪ್ರಮಾಣಪತ್ರ ನೀಡಲು ಮೊದಲು ಒಂದು ತಿಂಗಳ ಗಡುವಿತ್ತು. 2024ರ ನಿಯಮ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಏರಿಸಿತು. ತಜ್ಞರ ಕೊರತೆಯಿರುವ ಜಿಲ್ಲೆಗಳ ಒತ್ತಡವನ್ನು ಬಲ್ಲೆವು. ಆದರೂ ಎರಡು ವರ್ಷದ ಮಗುವಿನ ಪಾಲಿಗೆ ಮೂರು ತಿಂಗಳು ಎಂದರೆ ಅದರ ಈವರೆಗಿನ ಬದುಕಿನ ಎಂಟನೆಯ ಒಂದು ಭಾಗ ಎಂಬುದನ್ನು ನಿಯಮ ರೂಪಿಸುವವರು ಗಮನಿಸಬೇಕಿತ್ತು. ಐದು ವರ್ಷದೊಳಗಿನ ಮಕ್ಕಳ ಅರ್ಜಿಗೆ ಪ್ರತ್ಯೇಕ, ಕಿರಿದಾದ ಗಡುವು ಇರಲೇಬೇಕು ಎಂಬುದು ನಮ್ಮ ನಿಲುವು.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಮಾತು ಬಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಒಂದೆಡೆ ಕೂರುವುದಿಲ್ಲ. ಅಂಗನವಾಡಿಯಲ್ಲಿ ‘ಮನ್ಯಾಗ ಇಟ್ಕೊರಿ, ರೇಷನ್ ಕೊಟ್ಟು ಕಳಸ್ತೀವಿ’ ಎಂದರು. ಕೂಲಿ ಕೆಲಸಕ್ಕೆ ಹೋಗುವವರು ನಾವು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಅವನನ್ನು ಸೇರಿಸಿಕೊಳ್ಳಲೇಬೇಕು ಎಂಬ ಆದೇಶ ಇದೆಯೆ?
— ಒಬ್ಬ ತಂದೆ, ಕುಷ್ಟಗಿ ತಾಲ್ಲೂಕು

ಉತ್ತರ: ಆದೇಶದ ವಿಷಯಕ್ಕೆ ಬರುವ ಮೊದಲು ಒಂದು ತುರ್ತು ಮಾತು. ನಿಮ್ಮ ಮಗನ ಕಿವಿ ಪರೀಕ್ಷೆ ಆಗಿದೆಯೆ ಎಂಬುದನ್ನು ನೀವು ಬರೆದಿಲ್ಲ. ಕರೆದರೆ ತಿರುಗದ, ಮಾತು ಬಾರದ ಮಗುವಿಗೆ ಆಟಿಸಂ ಇರಬಹುದು, ಕಿವಿ ಕೇಳದಿರಬಹುದು, ಎರಡೂ ಇರಬಹುದು. ಹೊರನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಬಾಗಿಲು ಬಡಿದರೆ ನೋಡುತ್ತಾನೆ ಎಂಬುದರಿಂದ ಕಿವಿ ಸರಿಯಿದೆ ಎಂದು ತೀರ್ಮಾನಿಸಲಾಗದು, ಏಕೆಂದರೆ ಭಾರಿ ಶಬ್ದ ಮಾತ್ರ ಕೇಳಿಸಿ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದ ಮಕ್ಕಳಿರುತ್ತಾರೆ. ಮಗು ಸಹಕರಿಸದಿದ್ದರೂ ನಿದ್ದೆಯಲ್ಲಿರುವಾಗ ಮಾಡಬಹುದಾದ ಬೇರಾ ಎಂಬ ಪರೀಕ್ಷೆ ಇದೆ. ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸಿ. ಆಳವಾದ ತಪಾಸಣೆ ಬೇಕೆಂದರೆ 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ದೂರವೇನೋ ಹೌದು, ಆದರೆ ಒಂದು ಬಾರಿಯಾದರೂ ಹೋಗಿಬರುವುದು ಸಾರ್ಥಕ. ಕಿವಿಯದೇ ತೊಂದರೆ ಎಂದಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಅಳವಡಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್‌ಗೆ ಕೇಂದ್ರದ ಅಡಿಪ್ ಯೋಜನೆಯೂ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯೂ ನೆರವಾಗುತ್ತವೆ. ಇವುಗಳಿಗೆ ವಯಸ್ಸಿನ ಮಿತಿ ಇದೆ. ನಾಲ್ಕು ವರ್ಷದ ಮಗುವಿಗೆ ಉಳಿದಿರುವ ಸಮಯ ಕಡಿಮೆ.

ಈಗ ಅಂಗನವಾಡಿಯ ವಿಚಾರ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2023ರ ನವೆಂಬರ್ 28ರಂದು ದಿವ್ಯಾಂಗ ಮಕ್ಕಳಿಗಾಗಿಯೇ ಅಂಗನವಾಡಿ ಶಿಷ್ಟಾಚಾರವನ್ನು ಬಿಡುಗಡೆ ಮಾಡಿದೆ. ಬೆಳವಣಿಗೆಯ ವಿಳಂಬವನ್ನು ಆರಂಭದಲ್ಲೇ ಗುರುತಿಸುವುದು, ಅಂತಹ ಮಗುವನ್ನು ಉಳಿದ ಮಕ್ಕಳ ಜೊತೆಗೇ ಸೇರಿಸಿಕೊಂಡು ಕುಟುಂಬಕ್ಕೆ ಬಲ ತುಂಬುವುದು, ಆಶಾ, ಆರೋಗ್ಯ ಸಹಾಯಕಿ ಮತ್ತು ಬಾಲ ಸ್ವಾಸ್ಥ್ಯ ತಂಡದ ಮೂಲಕ ತಜ್ಞರಿಗೆ ತಲುಪಿಸುವುದು ಎಂಬ ಮೂರು ಹಂತಗಳನ್ನು ಅದು ಹೇಳುತ್ತದೆ. ‘ಮನೆಯಲ್ಲಿ ಇಟ್ಟುಕೊಳ್ಳಿ’ ಎಂಬುದು ಈ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ರೇಷನ್ ಕೊಟ್ಟು ಕಳಿಸಿದರೆ ಪೌಷ್ಟಿಕ ಆಹಾರ ತಲುಪುತ್ತದೆ, ಶಾಲಾಪೂರ್ವ ಶಿಕ್ಷಣ ತಲುಪುವುದಿಲ್ಲ. ಮೂರರಿಂದ ಆರು ವರ್ಷದ ಮಗುವಿಗೆ ಎರಡೂ ಸಲ್ಲಬೇಕು.

ಆದರೂ ಅಂಗನವಾಡಿ ಕಾರ್ಯಕರ್ತೆಯನ್ನು ಎದುರಾಳಿಯಾಗಿ ನೋಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಒಂದು ಕೋಣೆ, ಒಬ್ಬ ಸಹಾಯಕಿ, ಇಪ್ಪತ್ತು ಮೂವತ್ತು ಮಕ್ಕಳು, ಮೊಬೈಲಿನಲ್ಲಿ ತುಂಬಬೇಕಾದ ಪೋಷಣ್ ಟ್ರ್ಯಾಕರ್, ಒಲೆಯ ಮೇಲೆ ಅನ್ನ ಬೇಯುತ್ತಿರುವ ಪಾತ್ರೆ, ರಸ್ತೆಗೆ ತೆರೆದುಕೊಂಡ ಬಾಗಿಲು ಇವುಗಳ ನಡುವೆ ಓಡುವ ಮಗುವೊಂದನ್ನು ಕಾಯುವುದು ಹೇಗೆ ಎಂಬ ಅವರ ಭಯ ನಿಜವಾದದ್ದೇ. ಶಿಷ್ಟಾಚಾರವನ್ನು ಮುದ್ರಿಸಿ ಕೈಗಿಟ್ಟು ಕೈತೊಳೆದುಕೊಳ್ಳುವುದು ಆಡಳಿತದ ಕೆಲಸವಾಗಬಾರದು. ಬಾಗಿಲಿಗೆ ಸೊಂಟದೆತ್ತರದ ಅಡ್ಡಗೇಟು ಹಾಕಿಸುವುದು, ಕಾರ್ಯಕರ್ತೆಗೆ ತರಬೇತಿ ಕೊಡಿಸುವುದು, ಮೊದಲ ಕೆಲವು ವಾರ ಮನೆಯವರೊಬ್ಬರು ಜೊತೆಗೆ ಕೂರಲು ಅವಕಾಶ ಕೊಡುವುದು ಇವೆಲ್ಲ ದೊಡ್ಡ ಖರ್ಚಿನ ಸಂಗತಿಗಳಲ್ಲ. ದಿನಕ್ಕೆ ಒಂದು ಗಂಟೆಯಿಂದ ಆರಂಭಿಸೋಣ ಎಂದು ನೀವೇ ಮುಂದಾಗಿ ಹೇಳಿ ನೋಡಿ. ಅದಕ್ಕೂ ಒಪ್ಪದಿದ್ದರೆ ವಲಯದ ಮೇಲ್ವಿಚಾರಕಿಗೆ, ನಂತರ ಕುಷ್ಟಗಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿಯೂ ಪರಿಹಾರ ಸಿಗದಿದ್ದರೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಡಿ ನೇಮಕವಾಗಿರುವ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ವಿಚಾರಣೆಗೆ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.

ಪ್ರಶ್ನೆ: ಸುಗ್ಗಿ ಮುಗಿದ ಮೇಲೆ ಮಗ ಮತ್ತು ಸೊಸೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸ. ಮೊಮ್ಮಗನಿಗೆ ಐದು ವರ್ಷ, ಬುದ್ಧಿ ಬೆಳವಣಿಗೆ ತಡ ಎಂದಿದ್ದಾರೆ, ಹಿಂದೆ ಕೊಟ್ಟ ಪ್ರಮಾಣಪತ್ರದ ಅವಧಿ ಮುಗಿಯಿತಂತೆ. ಅವನನ್ನು ಕರೆದೊಯ್ದರೆ ಇಲ್ಲಿಯ ಸೌಲಭ್ಯ ತಪ್ಪುತ್ತದೆಯೆ?
— ಒಬ್ಬ ಅಜ್ಜ, ದೇವದುರ್ಗ ತಾಲ್ಲೂಕು

ಉತ್ತರ: ಕಾಗದದ ಮೇಲೆ ತಪ್ಪುವುದಿಲ್ಲ. ಯುಡಿಐಡಿ ಕಾರ್ಡ್ ದೇಶದಾದ್ಯಂತ ಮಾನ್ಯ. ಪಿಂಚಣಿ ಮಂಜೂರಾಗಿದ್ದರೆ ಅದು ಬ್ಯಾಂಕ್ ಖಾತೆಗೆ ಬರುತ್ತದೆ, ಮಗು ಎಲ್ಲಿದ್ದರೂ ನಿಲ್ಲಬೇಕಿಲ್ಲ. ಪ್ರಮಾಣಪತ್ರದ ಅವಧಿ ಮುಗಿದಿರುವುದು ತಪ್ಪಿನಿಂದಲ್ಲ. ಒಂದು ವರ್ಷ ತುಂಬಿದ ಮೇಲೆ ಐದು ವರ್ಷದವರೆಗೆ ‘ಬೆಳವಣಿಗೆಯ ಸರ್ವತೋಮುಖ ವಿಳಂಬ’ ಎಂದು ತಾತ್ಕಾಲಿಕ ಪತ್ರ ಕೊಟ್ಟು, ಬೌದ್ಧಿಕ ವಿಕಲತೆ ಇದೆಯೇ ಎಂಬುದನ್ನು ಐದು, ಹತ್ತು ಮತ್ತು ಹದಿನೆಂಟನೆಯ ವಯಸ್ಸಿನಲ್ಲಿ ಮರುಪರೀಕ್ಷಿಸುವುದು ಮಾರ್ಗಸೂಚಿಯ ಕ್ರಮ. ಹದಿನೆಂಟರಲ್ಲಿ ಸಿಗುವ ಪತ್ರ ಜೀವನಪೂರ್ತಿಗೆ. ಆದ್ದರಿಂದ ಮೊಮ್ಮಗನ ಮರುಪರೀಕ್ಷೆಯನ್ನು ಗುಳೆ ಹೋಗುವ ಮೊದಲೇ ರಾಯಚೂರಿನಲ್ಲಿ ಮುಗಿಸಿದರೆ ಒಳ್ಳೆಯದು. ಆಗದಿದ್ದರೆ ಬೆಂಗಳೂರಿನಲ್ಲಿ ಅವನಿಗೆ ಚಿಕಿತ್ಸೆ ನೀಡುವ ಸರ್ಕಾರಿ ಆಸ್ಪತ್ರೆಯಲ್ಲೂ ಅರ್ಜಿ ಸಲ್ಲಿಸಲು ನಿಯಮದಲ್ಲಿ ಅವಕಾಶವಿದೆ. ಐದು ತುಂಬಿದ್ದರಿಂದ ಆಧಾರ್‌ಗೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಸೇರಿಸಬೇಕು, ಅದನ್ನೂ ಇದೇ ಓಡಾಟದಲ್ಲಿ ಮುಗಿಸಿಕೊಳ್ಳಿ.

ಕಾಗದದಾಚೆಗಿನ ಮಾತು ಬೇರೆ. ಗುಳೆ ಹೋದ ಮಗು ಊರಿನ ಅಂಗನವಾಡಿಯ ಪಟ್ಟಿಯಲ್ಲಿ ‘ಗೈರು’, ಬೆಂಗಳೂರಿನ ಅಂಗನವಾಡಿಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬಾಲ ಸ್ವಾಸ್ಥ್ಯ ತಂಡ ಊರಿಗೆ ಬಂದ ದಿನ ಅದು ಶೆಡ್ಡಿನಲ್ಲಿರುತ್ತದೆ. ರಾಯಚೂರು 2018ರಿಂದ ನೀತಿ ಆಯೋಗದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿದ್ದು, ಆರೋಗ್ಯ, ಪೋಷಣೆ, ಶಿಕ್ಷಣದ ಸೂಚ್ಯಂಕಗಳನ್ನು ಅಲ್ಲಿ ನಿರಂತರವಾಗಿ ಅಳೆಯಲಾಗುತ್ತದೆ. ಹೀಗೆ ಎರಡು ಊರುಗಳ ನಡುವೆ ಕಳೆದುಹೋಗುವ ಮಕ್ಕಳನ್ನೂ ಆ ಅಳತೆಯೊಳಗೆ ತರಬೇಕು ಎಂದು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇವೆ. ಪೋಷಣ್ ಟ್ರ್ಯಾಕರ್‌ನಲ್ಲಿ ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸುವ ವ್ಯವಸ್ಥೆ ಇದೆ. ಹೊರಡುವ ಮೊದಲು ಅದನ್ನು ಮಾಡಿಕೊಡಿ ಎಂದು ಸೊಸೆ ಕೇಳಲಿ.

ಮೊಮ್ಮಗನನ್ನು ನಿಮ್ಮ ಬಳಿ ಉಳಿಸಿಕೊಳ್ಳಬೇಕೆ ಎಂಬುದು ಮನೆಯವರೇ ತೀರ್ಮಾನಿಸಬೇಕಾದ ವಿಷಯ. ಉಳಿಸಿಕೊಂಡರೆ, ಹೈದರಾಬಾದ್ ಪಕ್ಕದ ಸಿಕಂದರಾಬಾದಿನಲ್ಲಿರುವ ಬೌದ್ಧಿಕ ವಿಕಲಚೇತನರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ ರಾಯಚೂರಿನವರಿಗೆ ಬೆಂಗಳೂರಿಗಿಂತ ಹತ್ತಿರ, ರೈಲಿನ ಅನುಕೂಲವೂ ಇದೆ. ಚಿಕ್ಕ ಮಕ್ಕಳಿಗಾಗಿ 2021ರಲ್ಲಿ ಅಲ್ಲಿ ಪ್ರತ್ಯೇಕ ಆರಂಭಿಕ ಮಧ್ಯಸ್ಥಿಕೆ ಕೇಂದ್ರ ತೆರೆದಿದ್ದಾರೆ. ಬೌದ್ಧಿಕ ವಿಕಲತೆಯ ಪ್ರಮಾಣಪತ್ರ ಇದ್ದರೆ ಜೊತೆಗೆ ಹೋಗುವವರಿಗೂ ರೈಲ್ವೆ ರಿಯಾಯಿತಿ ದೊರೆಯುತ್ತದೆ.

ಪ್ರಶ್ನೆ: ಮಗಳಿಗೆ ಡೌನ್ ಸಿಂಡ್ರೋಮ್ ಇದೆ, ಆರು ವರ್ಷ ತುಂಬಿತು. ಮನೆಯ ಹತ್ತಿರದ ಶಾಲೆಯವರು ‘ವಿಶೇಷ ಶಾಲೆಗೆ ಸೇರಿಸಿ, ಅಲ್ಲಿಯೇ ಅವಳಿಗೆ ಒಳ್ಳೆಯದು’ ಎನ್ನುತ್ತಿದ್ದಾರೆ. ಒಪ್ಪಲೇಬೇಕೆ?
— ಒಬ್ಬ ತಾಯಿ, ಬಳ್ಳಾರಿ ನಗರ

ಉತ್ತರ: ಒಪ್ಪಬೇಕಿಲ್ಲ. 2016ರ ಅಧಿನಿಯಮದ 31ನೇ ಪ್ರಕರಣ ನಿಸ್ಸಂದಿಗ್ಧವಾಗಿದೆ. ಶೇ 40 ಅಥವಾ ಹೆಚ್ಚಿನ ವಿಕಲತೆ ಇರುವ ಆರರಿಂದ ಹದಿನೆಂಟು ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದ್ದು, ಆಯ್ಕೆ ಮಗುವಿನದು. ಸಲಹೆ ಕೊಡುವ ಸ್ವಾತಂತ್ರ್ಯ ಶಾಲೆಗಿದೆ, ಬಾಗಿಲು ಹಾಕುವ ಅಧಿಕಾರವಿಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳೂ ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು 16ನೇ ಪ್ರಕರಣ ಹೇಳುವುದರಿಂದ ಖಾಸಗಿ ಶಾಲೆಗೂ ವಿನಾಯಿತಿ ಇಲ್ಲ.

ಪ್ರವೇಶ ಪಡೆದ ನಂತರದ ದಿನಗಳೇ ಹೆಚ್ಚು ಮುಖ್ಯ. ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರನ್ನು ಜೂನ್ ಆರಂಭದಲ್ಲೇ ಭೇಟಿಯಾಗಿ ಮಗಳ ಹೆಸರು ಬರೆಸಿ. ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ ₹200ರಂತೆ ಹತ್ತು ತಿಂಗಳ ಪ್ರೋತ್ಸಾಹಧನ ಇವೆಲ್ಲ ಅವರ ಪಟ್ಟಿಯಿಂದಲೇ ಹೋಗುತ್ತವೆ. ಶಾಲೆಗೆ ಬರಲು ಸಾಧ್ಯವೇ ಇಲ್ಲದ ತೀವ್ರ ವಿಕಲತೆಯ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವೂ ಇದೆ. ನಿಮ್ಮ ಮಗಳಿಗೆ ಅದನ್ನು ಸುಲಭದ ದಾರಿಯೆಂದು ಯಾರಾದರೂ ಸೂಚಿಸಿದರೆ ನಿರಾಕರಿಸಿ. ಒಬ್ಬ ಸಂಪನ್ಮೂಲ ಶಿಕ್ಷಕರ ಹೆಗಲ ಮೇಲೆ ಎಷ್ಟೋ ಶಾಲೆಗಳ ಹೊರೆ ಇರುತ್ತದೆ ಎಂಬುದೂ ವಾಸ್ತವ. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿದೆ. ಕಲ್ಯಾಣ ಕರ್ನಾಟಕದಲ್ಲಿ ಆ ಅನುಪಾತ ಜಾರಿಗೆ ಬರಬೇಕೆಂದು ಪೋಷಕರು ಒಟ್ಟಾಗಿ ಕೇಳುವ ಕಾಲ ಬಂದಿದೆ. ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಎಂದರೆ ಉದ್ಯೋಗ ಮತ್ತು ಸೀಟು ಎಂದಷ್ಟೇ ನಾವು ಮಾತನಾಡುತ್ತೇವೆ. ಪ್ರದೇಶದ ಅಸಮತೋಲನ ತಗ್ಗಿಸಲು ಅಭಿವೃದ್ಧಿ ಮಂಡಳಿಗೆ ಬರುವ ಹಣದಲ್ಲಿ ಈ ಶಿಕ್ಷಕರಿಗೆ ಮೊದಲ ಪಾಲು ಸಿಗಬೇಕಲ್ಲವೆ?

ಕಾನೂನಿನ ಒಂದು ಕೊರತೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಶಿಕ್ಷಣದ ಹಕ್ಕು ಆರನೆಯ ವಯಸ್ಸಿನಿಂದ ಶುರುವಾಗುತ್ತದೆ. ವಿಕಲಚೇತನ ಮಗುವಿಗೆ ನೆರವು ಅತಿ ಹೆಚ್ಚು ಬೇಕಾಗುವುದು ಅದಕ್ಕೂ ಮೊದಲು. ಮಕ್ಕಳೆಲ್ಲರನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿ ಅಪಾಯದಂಚಿನಲ್ಲಿರುವವರನ್ನು ಗುರುತಿಸಬೇಕೆಂದು 25ನೇ ಪ್ರಕರಣ ಹೇಳುತ್ತದೆ, ಗುರುತಿಸಿದ ಮೇಲೆ ಎಷ್ಟು ದಿನದೊಳಗೆ ಥೆರಪಿ ಆರಂಭವಾಗಬೇಕೆಂದು ಹೇಳುವುದಿಲ್ಲ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಪಂಚಾಯಿತಿಯ ಸ್ವಂತ ಸಂಪನ್ಮೂಲದ ಶೇ 5ನ್ನು ವಿಕಲಚೇತನರಿಗೆ ಮೀಸಲಿಡುತ್ತೇವೆ. ಪ್ರತಿ ವರ್ಷ ದೊಡ್ಡವರಿಗೆ ಸಲಕರಣೆ ವಿತರಿಸಿ ಮುಗಿಸುತ್ತಾರೆ. ಚಿಕ್ಕ ಮಕ್ಕಳಿಗೆ ಏನು ಮಾಡಬಹುದು?
— ಸಂಡೂರು ತಾಲ್ಲೂಕು

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಂದನೆಗಳು. ಹತ್ತು ಲಕ್ಷ ರೂಪಾಯಿ ತೆರಿಗೆ ಬರುವ ಪಂಚಾಯಿತಿಯಲ್ಲಿ ಶೇ 5 ಎಂದರೆ ₹50,000. ಒಂದು ವೇದಿಕೆ ಕಾರ್ಯಕ್ರಮಕ್ಕೆ ಖರ್ಚಾಗಿಬಿಡುವ ಮೊತ್ತ ಇದು. ಮಕ್ಕಳ ದೃಷ್ಟಿಯಿಂದ ಖರ್ಚು ಮಾಡಿದರೆ ಮಾತ್ರ ಬಹಳ ದೂರ ಬರುತ್ತದೆ.

ವಿತರಣೆಯ ದಿನ ನಾಲ್ಕು ವರ್ಷದ ಮಗುವಿಗೂ ದೊಡ್ಡವರ ಗಾಲಿಕುರ್ಚಿಯನ್ನೇ ಕೊಡುವುದುಂಟು. ಮಗುವಿನ ಕಾಲು ಪಾದಪಟ್ಟಿಗೆ ತಾಗುವುದಿಲ್ಲ, ಬೆನ್ನು ಒಂದು ಬದಿಗೆ ವಾಲುತ್ತದೆ, ಕುತ್ತಿಗೆ ಜೋತು ಬೀಳುತ್ತದೆ. ಕೆಲವು ತಿಂಗಳಲ್ಲಿ ಕುರ್ಚಿ ಜೋಳದ ಚೀಲ ಸಾಗಿಸಲು ಬಳಕೆಯಾಗುತ್ತದೆ, ಮಗು ಮತ್ತೆ ನೆಲದ ಮೇಲೆ. ಅದೇ ಮಗುವಿಗೆ ಥೆರಪಿಸ್ಟ್ ಕೊಟ್ಟ ಅಳತೆಯಂತೆ ಊರಿನ ಬಡಗಿಯೇ ಮೂಲೆಗುರ್ಚಿ ಮಾಡಬಲ್ಲರು. ಬೆನ್ನಿಗೆ ಎರಡು ಹಲಗೆ ಮೂಲೆಯಾಗಿ ಸೇರಬೇಕು, ತೊಡೆಗಳ ನಡುವೆ ಬಟ್ಟೆ ಸುತ್ತಿದ ಸಣ್ಣ ಗೂಟ ಇರಬೇಕು, ಮುಂದೆ ತಟ್ಟೆಯಿಡಲು ಹಲಗೆ ಬೇಕು. ಮಗು ನೆಟ್ಟಗೆ ಕೂತು ತನ್ನ ಕೈಯಿಂದ ರೊಟ್ಟಿ ತಿನ್ನುವಂತಾದರೆ ಅದರ ಲಾಭ ಇಡೀ ಮನೆಗೆ. ಶ್ರವಣ ಸಾಧನದ ಬ್ಯಾಟರಿ, ಚಿಕಿತ್ಸೆಗೆ ಹೋಗುವ ದಿನದ ಆಟೊ ಬಾಡಿಗೆ, ಅಂಗನವಾಡಿಯ ಗೋಡೆಗೆ ಹಿಡಿದು ನಡೆಯುವ ಸರಳು, ಶೌಚಾಲಯಕ್ಕೆ ಇಳಿಜಾರು ಇಂತಹವುಗಳನ್ನು ಕ್ರಿಯಾಯೋಜನೆಯಲ್ಲಿ ಬರೆಸಲು ಸದಸ್ಯರು ಪಟ್ಟುಹಿಡಿಯಬೇಕು. ಊರಿನಲ್ಲಿ ಕೂಲಿ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಇದ್ದರೆ ಅಲ್ಲಿಯೂ ಇಂತಹ ಮಕ್ಕಳಿಗೆ ಜಾಗ ಇದೆಯೇ ವಿಚಾರಿಸಿ. ತಾಯಿ ಕೂಲಿಗೆ ಹೋಗುವಂತಾದರೆ ಚಿಕಿತ್ಸೆಗೂ ನಾಲ್ಕು ಕಾಸು ಉಳಿಯುತ್ತದೆ.

ಇನ್ನೂ ದೊಡ್ಡ ಹಣ ನಿಮ್ಮ ಜಿಲ್ಲೆಯಲ್ಲೇ ಇದೆ. ಗಣಿಗಾರಿಕೆಯಿಂದ ಬಾಧಿತವಾದ ಜನರಿಗಾಗಿ 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಅದರ ನಿಧಿಯಲ್ಲಿ ಕನಿಷ್ಠ ಶೇ 70 ಹೆಚ್ಚಿನ ಆದ್ಯತೆಯ ಕ್ಷೇತ್ರಗಳಿಗೆ ಹೋಗಬೇಕು. ಆರೋಗ್ಯ, ಮಹಿಳೆಯರು ಮತ್ತು ಮಕ್ಕಳ ಕಲ್ಯಾಣ, ವೃದ್ಧರು ಮತ್ತು ವಿಕಲಚೇತನರ ಕಲ್ಯಾಣ ಮೂರೂ ಆ ಪಟ್ಟಿಯಲ್ಲಿವೆ. ಸಂಡೂರಿನ ಅದಿರು ಲಾರಿಗಳ ಧೂಳು ಕುಡಿಯುವ ಊರುಗಳಿಗೆ ವಾರಕ್ಕೆರಡು ದಿನ ಬರುವ ಥೆರಪಿ ವಾಹನವೊಂದನ್ನು ಈ ನಿಧಿಯಿಂದ ನಡೆಸುವುದು ಅಸಾಧ್ಯವಲ್ಲ. ಪಂಚಾಯಿತಿಯ ನಿರ್ಣಯ ಮಾಡಿ, ಮಕ್ಕಳ ಸಂಖ್ಯೆ ಮತ್ತು ವಯಸ್ಸಿನ ವಿವರ ಲಗತ್ತಿಸಿ ಜಿಲ್ಲಾಧಿಕಾರಿಗಳಿಗೆ ಕಳಿಸಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಪಂಚಾಯಿತಿಯವರೂ ಇದನ್ನು ಗಮನಿಸಬೇಕು.

ಆ ವಿವರ ಕಲೆಹಾಕಲು ನಿಮ್ಮ ಪಂಚಾಯಿತಿಯಲ್ಲೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸ್ವತಃ ವಿಕಲಚೇತನರಾದ, ಅಲ್ಪ ಗೌರವಧನದಲ್ಲಿ ದುಡಿಯುವ ಇವರನ್ನು ಪಂಚಾಯಿತಿಯ ಇತರ ಕೆಲಸಗಳಿಗೆ ಓಡಾಡಿಸುವುದನ್ನು ನಿಲ್ಲಿಸಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಇಂದು ಒಂದು ಮಗುವಿನ ತಪಾಸಣೆ ಆರೋಗ್ಯ ಇಲಾಖೆಯದು, ಆಹಾರ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಪಿಂಚಣಿ ಕಂದಾಯ ಇಲಾಖೆಯದು, ಸಲಕರಣೆ ವಿಕಲಚೇತನರ ಸಬಲೀಕರಣ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು. ಐದು ಇಲಾಖೆಗಳ ನಡುವೆ ಕಡತ ಹೊತ್ತು ತಿರುಗುವವಳು ತಾಯಿ. ಆ ಕಡತವನ್ನು ಅವಳ ಕೈಯಿಂದ ಇಳಿಸಿಕೊಂಡು ತಾವು ಹೊರುವವರು ಪ್ರತಿ ಪಂಚಾಯಿತಿಯಲ್ಲಿ ಒಬ್ಬರು ಇರಬೇಕು, ಅವರು ಪುನರ್ವಸತಿ ಕಾರ್ಯಕರ್ತರೇ ಆಗಬೇಕು, ಅದಕ್ಕೆ ತಕ್ಕ ತರಬೇತಿ ಮತ್ತು ಸಂಬಳ ಅವರಿಗೆ ಸಿಗಬೇಕು ಎಂದು ನಾವು ದೃಢವಾಗಿ ನಂಬಿದ್ದೇವೆ.

ಪಿಂಚಣಿ ಮತ್ತು ವಿಮೆ ಕುರಿತು ಕೇಳಿದ ಹಲವರಿಗೆ: ವಿಕಲತೆ ಶೇ 40ಕ್ಕಿಂತ ಕಡಿಮೆ ಇದ್ದರೂ ಕಾರ್ಡ್ ಸಿಗುತ್ತದೆ, ಅದು ಬಿಳಿ ಬಣ್ಣದ್ದು. ಮಾಸಿಕ ಪಿಂಚಣಿಗೆ ಶೇ 40 ಮತ್ತು ಆದಾಯ ಮಿತಿ ಎರಡೂ ಅನ್ವಯಿಸುತ್ತವೆ. ನಮಗೆ ತಿಳಿದಿರುವ ದರದಂತೆ ಶೇ 40ರಿಂದ ಮೇಲ್ಪಟ್ಟವರಿಗೆ ₹800, ಶೇ 75 ದಾಟಿದವರಿಗೆ ₹1,400. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು, ಮಗುವಿನ ಪರವಾಗಿ ಪೋಷಕರು ಸಹಿ ಮಾಡಬಹುದು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆ ಇರುವವರಿಗೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ವರ್ಷಕ್ಕೆ ₹1 ಲಕ್ಷದವರೆಗಿನ ವೆಚ್ಚ ಭರಿಸುತ್ತದೆ. ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ, ಮೊದಲೇ ಇದ್ದ ಕಾಯಿಲೆ ಎಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಪ್ರಮಾಣಪತ್ರದಲ್ಲಿ ನಮೂದಿಸಿದ ಶೇಕಡಾವಾರು ಸರಿಯಲ್ಲ ಎನಿಸಿದರೆ 2016ರ ಅಧಿನಿಯಮದ 59ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಇತ್ಯರ್ಥವಾಗುವ ತನಕ ಮಗುವಿನ ಥೆರಪಿಯನ್ನು ನಿಲ್ಲಿಸಬೇಡಿ.